ದ್ವೀಪ ಪ್ರವಾಸದ ಚಿತ್ರಗಳಲ್ಲಿ ನೀವು ಇಂದಿಗೂ ತೆರೆದು ನೋಡುವುದು ಯಾವುದನ್ನು?

ಅಲೆಮಾರಿ ಕಣ್ಣು

ನೀಲಿ ನೀರು, ಬಿಳಿ ಮರಳು, ನೀರಿನತ್ತ ಬಾಗಿದ ಒಂದು ತೆಂಗಿನ ಮರ. ಈ ಮೂರೂ ಇರುವ ಚಿತ್ರ ದ್ವೀಪಕ್ಕೆ ಹೋಗಿಬಂದ ಎಲ್ಲರ ಬಳಿಯೂ ಇದೆ. ಅದು ಯಾವ ದ್ವೀಪದ್ದು ಎಂದು ಕೆಲವು ವರ್ಷ ಬಿಟ್ಟು ಕೇಳಿದರೆ ತೆಗೆದವರಿಗೇ ಹೇಳಲಾಗದು. ನನ್ನ ಅಂಡಮಾನ್ ಪ್ರವಾಸದಲ್ಲೂ ಅಂಥವು ರಾಶಿಗಟ್ಟಲೆ ಇವೆ. ಅವುಗಳನ್ನು ನಾನೀಗ ತೆರೆಯುವುದೇ ಇಲ್ಲ. ತೆರೆಯುವುದು ಬೇರೆ ಕೆಲವನ್ನು. ಅವು ಯಾವುವು, ಏಕೆ ಎಂದು ಬರೆಯುತ್ತೇನೆ. ನಿಮ್ಮವನ್ನೂ ಹೇಳಿ.

ಮೊದಲನೆಯದು ಸ್ವರಾಜ್ ದ್ವೀಪದ್ದು. 2018ರವರೆಗೆ ಅದರ ಹೆಸರು ಹ್ಯಾವ್ಲಾಕ್. ಅಲ್ಲಿನ ರಾಧಾನಗರ ಕಡಲತೀರ ಪಶ್ಚಿಮಕ್ಕೆ ಮುಖ ಮಾಡಿದೆ, ಹಾಗಾಗಿ ಸಂಜೆಯಾದರೆ ಎಲ್ಲರ ಕ್ಯಾಮೆರಾಗಳೂ ಸೂರ್ಯನ ಕಡೆಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಲಬುಡದ ಮರಳು. ನೀರು ಹಿಂದೆ ಸರಿದ ಒದ್ದೆ ಜಾಗದಲ್ಲಿ ಸಾವಿರಾರು ಪುಟ್ಟ ಮರಳುಗುಂಡುಗಳು, ಯಾರೋ ಕುಳಿತು ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಅದನ್ನು ಮಾಡುವುದು ಉಗುರಿನಷ್ಟು ದೊಡ್ಡ ಏಡಿ. ಇಳಿತವಾದೊಡನೆ ಬಿಲದಿಂದ ಹೊರಬಂದು, ಮರಳನ್ನು ಬಾಯಿಗೆ ತುಂಬಿಕೊಂಡು, ಅದರಲ್ಲಿರುವ ಸೂಕ್ಷ್ಮ ಆಹಾರವನ್ನು ಸೋಸಿ ತಿಂದು, ಉಳಿದ ಮರಳನ್ನು ಗುಂಡಗೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಬಿಲಕ್ಕೆ ಮರಳಿ ಓಡಲು ದಾರಿಯೊಂದನ್ನು ಮಾತ್ರ ಖಾಲಿ ಬಿಟ್ಟುಕೊಂಡು ಸುತ್ತಲೂ ಹೀಗೆಯೇ ಹರಡುತ್ತಾ ಹೋಗುತ್ತದೆ. ಮುಂದಿನ ಉಬ್ಬರ ಬಂದು ಎಲ್ಲವನ್ನೂ ಅಳಿಸುತ್ತದೆ; ಅದು ಇಳಿದ ಮೇಲೆ ಏಡಿ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಗುಂಡಿಗೂ ಅದರ ಮೂರರಷ್ಟು ಉದ್ದದ ನೆರಳು ಬಂದಿತ್ತು. ಹೊಟ್ಟೆಯ ಮೇಲೆ ಮಲಗಿ ತೆಗೆದ ಆ ಚಿತ್ರದಲ್ಲಿ ಕಡಲೇ ಇಲ್ಲ. ಆದರೂ ಅದನ್ನು ನೋಡಿದಾಗ ನನಗೆ ಅಲೆಯ ಸದ್ದು ಕೇಳುತ್ತದೆ.

ಎರಡನೆಯದು ಶಹೀದ್ ದ್ವೀಪದ ಕಲ್ಲಿನ ಕಮಾನು. ನೀಲ್ ಎಂದರೆ ಹೆಚ್ಚು ಜನರಿಗೆ ತಿಳಿದೀತು. ಇಳಿತದ ಹೊತ್ತಿಗೆ ಹೋದರೆ ಮಾತ್ರ ಕಮಾನಿನ ಬುಡದವರೆಗೆ ನಡೆಯಬಹುದು, ದಾರಿಯುದ್ದಕ್ಕೂ ಬಂಡೆಯ ಗುಳಿಗಳಲ್ಲಿ ನಿಂತ ನೀರಿನಲ್ಲಿ ಮೀನಿನ ಮರಿ, ಏಡಿ, ಸೌತೆಕಾಯಿಯಂತೆ ಕಾಣುವ ಕಡಲಸೌತೆ ಎಂಬ ಮೆತ್ತನೆಯ ಪ್ರಾಣಿ ಕಾಣುತ್ತವೆ. ಉಬ್ಬರವಿದ್ದರೆ ದೂರದಿಂದ ಕೈಮುಗಿದು ಬರಬೇಕು.

ಅಂಡಮಾನ್‌ಗೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿ ಹೊತ್ತು ಬಹಳ ಬೇಗ ಮುಳುಗುತ್ತದೆ. ನಮ್ಮ ದೇಶದ ಗಡಿಯಾರ ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದಲ್ಲಿ ನಡೆಯುತ್ತದೆ. ಆ ದ್ವೀಪಗಳಿರುವುದು 93 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಸೂರ್ಯ ಅಲ್ಲಿ ಗಡಿಯಾರಕ್ಕಿಂತ ಸುಮಾರು 40 ನಿಮಿಷ ಮುಂದಿರುತ್ತಾನೆ. ಡಿಸೆಂಬರಿನಲ್ಲಿ ಸಂಜೆ 5 ಗಂಟೆಗೆಲ್ಲ ಸೂರ್ಯಾಸ್ತ. ಜೊತೆಗೆ ಉಷ್ಣವಲಯದಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ನೇರವಾಗಿ ಇಳಿಯುವುದರಿಂದ ಮುಸ್ಸಂಜೆಯೂ ಗಿಡ್ಡ. ಚಹಾ ಕುಡಿದು ಹೊರಡೋಣ ಎಂದುಕೊಂಡವರಿಗೆ ಸಿಗುವುದು ಕತ್ತಲೆ.

ನನಗೆ ಅನ್ನಿಸುವುದು ಇಷ್ಟು: ಯಾವ ಚಿತ್ರದಲ್ಲಿ ಆ ಹೊತ್ತು ಸಿಕ್ಕಿದೆಯೋ, ಅಂದರೆ ನೀರು ಎಲ್ಲಿತ್ತು, ಬಿಸಿಲು ಎಲ್ಲಿಂದ ಬಿತ್ತು ಎಂಬುದು ಕಾಣುತ್ತದೆಯೋ, ಅದು ಬಾಳುತ್ತದೆ. ಬರಿಯ ನೀಲಿ ಬಾಳುವುದಿಲ್ಲ.


ಹಳೆಯ ರೋಲು

ಚೆನ್ನಾಗಿ ಬರೆದಿದ್ದೀರಿ, ಆದರೆ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಏಡಿಯ ಚಿತ್ರ ಎಷ್ಟೇ ಸೊಗಸಾಗಿದ್ದರೂ ಅಂಥ ಏಡಿ ಇಂದೂ ಅಲ್ಲಿದೆ, ನಾಳೆ ಇನ್ನೊಬ್ಬರು ಹೋಗಿ ತೆಗೆಯಬಹುದು. ನಾನು ತೆರೆದು ನೋಡುವ ಚಿತ್ರದಲ್ಲಿ ನನ್ನ ಅಮ್ಮ ಇದ್ದಾರೆ.

ಫಿಲ್ಮ್ ಕಾಲದ ಮಾತು. ಕೊಚ್ಚಿಯಿಂದ ಹಡಗು ಹತ್ತಿ ಲಕ್ಷದ್ವೀಪಕ್ಕೆ ಹೋಗಿದ್ದೆವು. ಹವಳದ ದಿಬ್ಬ ಅಡ್ಡ ಇರುವುದರಿಂದ ದೊಡ್ಡ ಹಡಗು ದಿಬ್ಬಕ್ಕೂ ದಡಕ್ಕೂ ನಡುವಿನ ಆಳವಿಲ್ಲದ ನೀರಾದ ಲಗೂನ್‌ನೊಳಗೆ ಬರುವಂತಿಲ್ಲ. ಆಳದ ನೀರಿನಲ್ಲಿಯೇ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲಿನಿಂದ ಕೆಳಗೆ ಕುಲುಕಾಡುವ ದೋಣಿಗೆ ಇಳಿಯಬೇಕು. ಅಲೆ ದೋಣಿಯನ್ನು ಮೇಲೆತ್ತಿದ ಕ್ಷಣದಲ್ಲಿ ದೋಣಿಯವರು ಎರಡೂ ತೋಳು ಹಿಡಿದು ಇಳಿಸಿಕೊಳ್ಳುತ್ತಾರೆ. ಅಮ್ಮ ಅದುವರೆಗೆ ಕಡಲನ್ನು ದಡದಿಂದ ನೋಡಿದ್ದೇ ಹೊರತು ನೀರಿಗೆ ಕಾಲಿಟ್ಟವರಲ್ಲ. ಆ ದಿನ ದೋಣಿಯಿಂದ ದ್ವೀಪಕ್ಕೆ ಇಳಿದವರು ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಮೊಣಕಾಲಿನವರೆಗೆ ನೀರಿನಲ್ಲಿ ನಿಂತು, ಕಣ್ಣು ಮುಚ್ಚಿ ನಕ್ಕರು. ನಾನು ಒತ್ತಿದೆ. ದಿಗಂತ ವಾಲಿದೆ, ಅಪ್ಪನ ಅರ್ಧ ಭುಜ ಮೂಲೆಯಲ್ಲಿ ಸಿಕ್ಕಿಕೊಂಡಿದೆ. ಬೆಳಕಿನ ಲೆಕ್ಕದಲ್ಲಿ ಆ ಚಿತ್ರಕ್ಕೆ ಯಾರೂ ಅಂಕ ಕೊಡಲಾರರು.

ಒಂದು ರೋಲಿನಲ್ಲಿ 36 ಚಿತ್ರ. ಅದರಲ್ಲಿ ಏನನ್ನು ಬಿಡಬೇಕು ಎಂಬುದೇ ಆಗ ಛಾಯಾಗ್ರಹಣ. ನಾವು ಮಿನಿಕಾಯ್‌ಗೂ ಹೋದೆವು. 1885ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿದೆ. ಮೇಲೆ ಹತ್ತಿದರೆ ಇಡೀ ದ್ವೀಪ ಹಸಿರು ಕುಡುಗೋಲಿನ ಆಕಾರದಲ್ಲಿ ಕಾಣುತ್ತದೆ, ಅದರ ಹೊಟ್ಟೆಯೊಳಗೆ ತಿಳಿಹಸಿರು ಲಗೂನ್, ಬೆನ್ನಿನಾಚೆ ಕಡುನೀಲಿ ಸಮುದ್ರ. ಅದರ ಚಿತ್ರವೂ ಇದೆ. ಇಂದು ಯಾರೇ ಹುಡುಕಿದರೂ ಅದಕ್ಕಿಂತ ಒಳ್ಳೆಯದು ಸಿಗುತ್ತದೆ. ಅಮ್ಮನ ಆ ನಗು ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಆದ್ದರಿಂದ ಈಗ ಹೋಗುವವರಿಗೆ ನನ್ನ ಬೇಡಿಕೆ: ಜೊತೆಗೆ ಬಂದವರನ್ನು ಚಿತ್ರದೊಳಗೆ ತನ್ನಿ. ಕ್ಯಾಮೆರಾಕ್ಕೆ ಮುಖ ಕೊಟ್ಟು ಸಾಲಾಗಿ ನಿಂತಾಗ ಅಲ್ಲ. ಚಪ್ಪಲಿಯೊಳಗಿನ ಮರಳು ಕೊಡವುವಾಗ, ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಾಗ.


ಹವಳದ ಹಾದಿ

ಹಳೆಯ ರೋಲು ಅವರೇ, ಏಡಿ ನಾಳೆಯೂ ಇರುತ್ತದೆ ಎಂದಿರಿ. ಇದ್ದರೆ ಸಂತೋಷ. ಆದರೆ ನೀರಿನೊಳಗೆ ಆ ಭರವಸೆ ಇಲ್ಲ, ನನ್ನ ಚಿತ್ರಗಳೇ ಅದಕ್ಕೆ ಸಾಕ್ಷಿ.

ನಾನು ತೆರೆದು ನೋಡುವುದು ಲಕ್ಷದ್ವೀಪದ ಕಡಮತ್ ದ್ವೀಪದ ಲಗೂನ್‌ನಲ್ಲಿ ತೆಗೆದ ಕವಲು ಹವಳದ ಒಂದು ಚಿತ್ರವನ್ನು. ಅದರ ಕವಲುಗಳ ನಡುವೆ ನೀಲಿ ಮೀನುಗಳ ಗುಂಪು, ಒಂದಷ್ಟು ಹೊರಗೆ, ಒಂದಷ್ಟು ಆಗಲೇ ಒಳಗೆ ಅಡಗುತ್ತಿರುವವು. ಮತ್ತೆ ಹೋದಾಗ ಅದೇ ತಾಣದಲ್ಲಿ ಇದ್ದದ್ದು ಪಾಚಿ ಹಿಡಿದ ಮುರುಕು ಕವಲುಗಳು.

ಹವಳ ಎಂಬುದು ಪ್ರಾಣಿ. ಅದರ ಅಂಗಾಂಶದೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ, ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ಹವಳದ ಬಣ್ಣದ ಬಹುಪಾಲು ಅದರದ್ದೇ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ವಾರಗಟ್ಟಲೆ ಹಾಗೆಯೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. 1998ರ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ) ವರ್ಷದಲ್ಲಿ ಲಕ್ಷದ್ವೀಪ, ಮಾಲ್ಡೀವ್ಸ್ ಎರಡೂ ಕಡೆ ಇದು ಭೀಕರವಾಗಿ ನಡೆಯಿತು. 2010, 2016ರಲ್ಲಿ ಮತ್ತೆ. 2024ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಹವಳ ಬೆಳ್ಳಗಾಗುತ್ತಿರುವುದನ್ನು ವಿಜ್ಞಾನಿಗಳು ನಾಲ್ಕನೆಯ ಬಾರಿಗೆ ಘೋಷಿಸಿದರು. ಹಾಗೆ ಬಿಳುಚಿದ ಹವಳ ಚಿತ್ರದಲ್ಲಿ ಅಮೃತಶಿಲೆಯ ಕೆತ್ತನೆಯಂತೆ ಕಾಣುವುದುಂಟು. ನೋಡಿದವರು ಆಹಾ ಎನ್ನುತ್ತಾರೆ. ಅದು ಸೊಬಗಲ್ಲ, ಉಪವಾಸ ಬಿದ್ದ ಜೀವ ಎಂದು ಚಿತ್ರದ ಕೆಳಗೆ ಬರೆಯಲೇಬೇಕು.

ನೀರಿನೊಳಗೆ ತೆಗೆಯುವವರಿಗೆ ತಿಳಿದಿರಬೇಕಾದ ಮುಖ್ಯ ಸಂಗತಿ ಬಣ್ಣದ್ದು. ನೀರು ಮೊದಲು ನುಂಗುವುದು ಕೆಂಪನ್ನು; ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮೀನು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆಮೇಲೆ ಕಿತ್ತಳೆ, ಹಳದಿ. ಕೊನೆಗೆ ಉಳಿಯುವುದು ನೀಲಿ. ಬೆಳಕು ಮೇಲಿಂದ ಇಳಿಯುವ ದೂರ ಮಾತ್ರವಲ್ಲ, ಮೀನಿನಿಂದ ನಿಮ್ಮ ಲೆನ್ಸ್‌ಗೆ ಬರುವ ದೂರವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಜೂಮ್ ಮಾಡಿ ಪ್ರಯೋಜನವಿಲ್ಲ, ಹತ್ತಿರ ಹೋಗಬೇಕು. ಆದರೆ ಹತ್ತಿರ ಎಂದರೆ ಹವಳದ ಮೇಲೆ ಕೈಯೂರುವಷ್ಟು ಅಲ್ಲ. ಕೆಲವು ಜಾತಿಯ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಕೂಡ ಬೆಳೆಯುವುದಿಲ್ಲ. ಈಜುರೆಕ್ಕೆಯ ಒಂದು ಒದೆತಕ್ಕೆ ಎಷ್ಟು ವರ್ಷಗಳು ಮುರಿದುಬೀಳುತ್ತವೆ ಎಂದು ನೀವೇ ಲೆಕ್ಕ ಹಾಕಿ. ತೇಲುವುದು ಪೂರ್ತಿ ರೂಢಿಯಾಗುವವರೆಗೆ ಕ್ಯಾಮೆರಾವನ್ನು ದಡದಲ್ಲಿಯೇ ಬಿಡಿ.

ನೀವು ಚಿತ್ರ ತೆಗೆಯುವ ಆ ಬಿಳಿ ಮರಳು ಕೂಡ ಹವಳದಿಂದ ಬಂದದ್ದೇ. ಗಿಳಿಮೀನು ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನು ಕಚ್ಚಿ, ಅದರಲ್ಲಿನ ಪಾಚಿಯನ್ನು ಅರಗಿಸಿಕೊಂಡು, ಉಳಿದದ್ದನ್ನು ನುಣುಪು ಮರಳಾಗಿ ಹೊರಹಾಕುತ್ತದೆ. ದೊಡ್ಡ ಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಕಿವಿಯನ್ನು ನೀರಿನೊಳಗಿಟ್ಟು ಸುಮ್ಮನಿದ್ದರೆ ಆ ಕಚ್ಚುವ ಸದ್ದು ಕಟಕಟನೆ ಕೇಳುತ್ತದೆ.


ಹೊಸ ಕ್ಯಾಮೆರಾ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮನೆಯವರೆಲ್ಲ ಸೇರಿ ಅಂಡಮಾನ್‌ಗೆ ಹೊರಟಿದ್ದೇವೆ. ಕೆಲವು ಪ್ರಶ್ನೆಗಳಿವೆ. ಕಡಲ ಗಾಳಿಗೆ ಕ್ಯಾಮೆರಾ ಹಾಳಾಗುತ್ತದೆ ಎನ್ನುತ್ತಾರೆ, ಏನು ಮಾಡಬೇಕು? ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಕೊಳ್ಳಲೇಬೇಕೇ? ಮಧ್ಯಾಹ್ನದ ಬಿಸಿಲಿನಲ್ಲಿ ಚಿತ್ರ ತೆಗೆಯಬೇಡಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನಮ್ಮ ದೋಣಿಯ ಸಮಯಗಳೆಲ್ಲ ಬೆಳಿಗ್ಗೆ 10ರಿಂದ 2ರೊಳಗೆ ಇವೆ. ಬಾರಾಟಾಂಗ್‌ಗೆ ಹೋಗುವ ದಾರಿಯಲ್ಲಿ ಬುಡಕಟ್ಟು ಜನ ಕಾಣಿಸುತ್ತಾರಂತೆ. ವಾಹನದ ಒಳಗಿನಿಂದಲೇ ತೆಗೆಯಲು ಎಷ್ಟು ಉದ್ದದ ಲೆನ್ಸ್ ಬೇಕು?


ಮಸುಕು ಗಾಜು

ಕೊನೆಯ ಪ್ರಶ್ನೆಯನ್ನು ನನಗಿಂತ ಬಲ್ಲವರಿಗೆ ಬಿಡುತ್ತೇನೆ. ಮಿಕ್ಕವಕ್ಕೆ ಉತ್ತರ ಹೇಳುತ್ತೇನೆ.

ಗಾಳಿಯ ಉಪ್ಪಿಗಿಂತ ಮೊದಲು ಕಾಡುವುದು ಕೋಣೆಯ ಏಸಿ. ರಾತ್ರಿಯಿಡೀ ತಣ್ಣಗಿದ್ದ ಕ್ಯಾಮೆರಾವನ್ನು ಬೆಳಿಗ್ಗೆ ಹೊರಗಿನ ಹಬೆಯಂಥ ಗಾಳಿಗೆ ತಂದೊಡನೆ ಗಾಜಿನ ಮೇಲೆ ನೀರು ಕಟ್ಟುತ್ತದೆ, ಕೆಲವೊಮ್ಮೆ ಲೆನ್ಸಿನ ಒಳಗೂ. ಒರೆಸಿದರೆ ಮತ್ತೆ ಕಟ್ಟುತ್ತದೆ. ಸೂರ್ಯೋದಯ ನಿಮಗಾಗಿ ಕಾಯುವುದಿಲ್ಲ. ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿ, ಹೊರಡುವ ಅರ್ಧ ಗಂಟೆಗೂ ಮೊದಲೇ ಬಾಲ್ಕನಿಯಲ್ಲಿಡಿ. ಹನಿ ಕಟ್ಟಿದರೂ ಚೀಲದ ಹೊರಮೈಗೆ ಕಟ್ಟುತ್ತದೆ. ಏಸಿಯಿಲ್ಲದ ಸ್ನಾನದ ಮನೆಯಲ್ಲಿ ಇಡುವವರೂ ಇದ್ದಾರೆ, ತೇವ ಹೆಚ್ಚಿರುವುದರಿಂದ ನಾನು ಅದನ್ನು ಹೇಳುವುದಿಲ್ಲ.

ಉಪ್ಪಿನ ವಿಷಯಕ್ಕೆ ಬಂದರೆ, ಮರಳಿನ ಮೇಲೆ ನಿಂತು ಲೆನ್ಸ್ ಬದಲಿಸಬೇಡಿ. ಸಂಜೆ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ, ಆಮೇಲೆ ಒಣಬಟ್ಟೆ. ಮೊದಲೇ ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳೇ ಗಾಜನ್ನು ಗೀರುತ್ತದೆ. ಟ್ರೈಪಾಡ್ ಅನ್ನು ಅಲೆಯಲ್ಲಿ ನಿಲ್ಲಿಸಿದ್ದರೆ ಕಾಲುಗಳನ್ನೆಲ್ಲ ಬಿಚ್ಚಿ ತೊಳೆಯಿರಿ.

ಪೋಲರೈಸರ್ ಕೊಳ್ಳಿ. ಬೇರೆ ಅನೇಕ ಫಿಲ್ಟರ್‌ಗಳ ಕೆಲಸವನ್ನು ಇಂದು ಕಂಪ್ಯೂಟರಿನಲ್ಲಿ ಮಾಡಬಹುದು, ಇದರ ಕೆಲಸವನ್ನು ಮಾಡಲಾಗದು. ನೀರಿನ ಮೇಲಿನ ಹೊಳಪನ್ನು ಅದು ತೆಗೆದುಬಿಟ್ಟರೆ ಕೆಳಗಿನ ಹವಳ ಕಾಣುತ್ತದೆ. ಹೊಳಪು ಚಿತ್ರಕ್ಕೆ ಬಂದ ಮೇಲೆ ಅದರ ಕೆಳಗೆ ಏನಿತ್ತು ಎಂದು ಯಾವ ತಂತ್ರಾಂಶವೂ ಹೇಳಲಾರದು. ಸೂರ್ಯ ನಿಮ್ಮ ಎಡ ಅಥವಾ ಬಲ ಭುಜದ ಕಡೆ ಇದ್ದಾಗ ಆಕಾಶ ಹೆಚ್ಚು ಗಾಢವಾಗುತ್ತದೆ. ತೀರ ಅಗಲದ ಲೆನ್ಸ್ ಹಾಕಿದರೆ ಆಕಾಶದ ಒಂದು ಭಾಗ ಮಾತ್ರ ಕಪ್ಪಾಗಿ ಪಟ್ಟೆ ಬೀಳುತ್ತದೆ, ಆಗ ಸ್ವಲ್ಪ ತಿರುಗಿಸಿ ಕಡಿಮೆ ಮಾಡಿ. ಪೂರ್ತಿ ತಿರುಗಿಸಿ ಇಡುವುದೇ ಸರಿ ಎಂದೇನೂ ಇಲ್ಲ.

ಮಧ್ಯಾಹ್ನ ತೆಗೆಯಬೇಡಿ ಎಂಬ ಮಾತು ಬೆಟ್ಟಕ್ಕೆ, ಊರಿಗೆ ಸರಿ. ಲಗೂನ್‌ಗೆ ತಪ್ಪು. ಸೂರ್ಯ ನೆತ್ತಿಯ ಬಳಿ ಇದ್ದಾಗಲೇ ಬೆಳಕು ನೀರನ್ನು ಹೊಕ್ಕು ತಳದ ಬಿಳಿ ಮರಳಿಗೆ ತಾಗಿ ಮೇಲೆ ಬರುವುದು. ಆ ತಿಳಿಹಸಿರು ಹುಟ್ಟುವುದೇ ಹಾಗೆ. ಬೆಳಿಗ್ಗೆ 7 ಗಂಟೆಗೆ ಅದೇ ನೀರು ಬೂದುಬಣ್ಣ. ನಿಮ್ಮ ದೋಣಿಯ ಸಮಯ ಬಹಳ ಒಳ್ಳೆಯದಿದೆ. ಆದರೆ ಆ ಬಿಸಿಲಿನಲ್ಲಿ ಮನುಷ್ಯರ ಮುಖ ತೆಗೆಯಬೇಡಿ, ಕಣ್ಣಿನ ಗುಳಿ ಕಪ್ಪಾಗುತ್ತದೆ. ಅವರನ್ನು ಮರದ ನೆರಳಿನ ಅಂಚಿಗೆ ಕರೆತನ್ನಿ. ಬಿಸಿಲು ಬಿದ್ದ ಮರಳಿನಿಂದ ಪುಟಿದ ಬೆಳಕು ಕೆಳಗಿನಿಂದ ಮುಖವನ್ನು ಬೆಳಗುತ್ತದೆ. ಬಿಳಿ ಮರಳು ಕ್ಯಾಮೆರಾದ ಬೆಳಕು ಅಳೆಯುವ ಮೀಟರನ್ನು ಮೋಸಗೊಳಿಸುತ್ತದೆ, ಮೀಟರು ಮರಳನ್ನು ಬೂದುಬಣ್ಣ ಮಾಡಿಬಿಡುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕನ್ನು, ಮುಕ್ಕಾಲಿನಿಂದ ಒಂದು ಸ್ಟಾಪ್‌ವರೆಗೆ ಏರಿಸಿ.


ಕಡತ ಓದುಗ

ಹೊಸ ಕ್ಯಾಮೆರಾ ಅವರೇ, ನೀವು ಕೇಳಿದ ಕೊನೆಯ ಪ್ರಶ್ನೆಗೆ ಉತ್ತರ: ಯಾವ ಲೆನ್ಸೂ ಬೇಡ. ಆ ದಾರಿಯಲ್ಲಿ ಕ್ಯಾಮೆರಾ, ಮೊಬೈಲ್ ಎರಡೂ ಚೀಲದೊಳಗಿರಲಿ.

ಆ ರಸ್ತೆ ಜಾರವಾ ಜನರ ಮೀಸಲು ಅರಣ್ಯದೊಳಗೆ ಹಾದುಹೋಗುತ್ತದೆ. ವಾಹನಗಳನ್ನು ಗುಂಪಾಗಿ, ನಿಗದಿತ ಹೊತ್ತಿನಲ್ಲಿ, ಪೊಲೀಸ್ ಕಾವಲಿನಲ್ಲಿ ಬಿಡುತ್ತಾರೆ, ನಡುವೆ ನಿಲ್ಲಿಸುವಂತಿಲ್ಲ. ಮೂಲನಿವಾಸಿಗಳ ರಕ್ಷಣೆಗಾಗಿ 1956ರಲ್ಲಿಯೇ ನಿಯಮಾವಳಿ ಬಂದಿದೆ, 2012ರಲ್ಲಿ ಅದನ್ನು ಬಿಗಿಗೊಳಿಸಿದರು. ಅವರ ಚಿತ್ರ ಅಥವಾ ವಿಡಿಯೊ ತೆಗೆದರೆ ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಅದೇ 2012ರ ಆರಂಭದಲ್ಲಿ ಪ್ರವಾಸಿಗರೆದುರು ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೊ ಹೊರಬಂದು ದೇಶವೇ ತಲೆತಗ್ಗಿಸಬೇಕಾಯಿತು.

ಕಾನೂನಿಗೆ ಹೆದರಿ ಮಾತ್ರ ಬಿಡಬೇಡಿ. ಅಂಡಮಾನ್‌ನಲ್ಲಿ ಕ್ಯಾಮೆರಾಕ್ಕೆ ಒಂದು ಇತಿಹಾಸವಿದೆ. ಮಾರಿಸ್ ವಿಡಾಲ್ ಪೋರ್ಟ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ 1879ರಿಂದ ಅಂಡಮಾನಿನ ಬುಡಕಟ್ಟುಗಳ ಉಸ್ತುವಾರಿ ವಹಿಸಿಕೊಂಡಿದ್ದ. 1880ರಲ್ಲಿ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಗಿ ವೃದ್ಧ ದಂಪತಿಯನ್ನೂ ನಾಲ್ಕು ಮಕ್ಕಳನ್ನೂ ಹಿಡಿದು ಪೋರ್ಟ್ ಬ್ಲೇರ್‌ಗೆ ತಂದ. ಬಂದವರೆಲ್ಲ ಕಾಯಿಲೆ ಬಿದ್ದರು, ಹಿರಿಯರಿಬ್ಬರೂ ತೀರಿಕೊಂಡರು. ಮಕ್ಕಳನ್ನು ಒಂದಷ್ಟು ಉಡುಗೊರೆ ಕೊಟ್ಟು ವಾಪಸು ಬಿಟ್ಟುಬಂದರು. 1890ರ ದಶಕದಲ್ಲಿ ಅದೇ ಪೋರ್ಟ್‌ಮನ್ ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ಅಂಡಮಾನಿಗಳ ಚಿತ್ರಗಳ ಸಂಪುಟಗಳನ್ನೇ ಸಿದ್ಧಪಡಿಸಿದ. ಜನರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ, ಮುಂದಿನಿಂದ, ಪಕ್ಕದಿಂದ, ಅಳತೆ ಸಿಗುವಂತೆ ತೆಗೆದ ಚಿತ್ರಗಳು ಅವು. ತಂತ್ರದ ದೃಷ್ಟಿಯಿಂದ ಅಚ್ಚುಕಟ್ಟು. ಮುಖಗಳನ್ನು ನೋಡಿದರೆ ನನಗೆ ಗಂಟಲು ಕಟ್ಟುತ್ತದೆ. ನಿಲ್ಲು ಎಂದಾಗ ನಿಲ್ಲದೆ ಇರುವ ಆಯ್ಕೆ ಅವರಿಗೆ ಇರಲಿಲ್ಲ.

ವಾಹನದ ಕಿಟಕಿಯಿಂದ ತೆಗೆಯುವ ಚಿತ್ರದಲ್ಲೂ ಎದುರಿಗಿರುವವರಿಗೆ ಆ ಆಯ್ಕೆ ಇರುವುದಿಲ್ಲ. ಬಾರಾಟಾಂಗ್‌ನಲ್ಲಿ ಮ್ಯಾಂಗ್ರೋವ್ ಕಾಲುವೆಗಳಿವೆ, ಸುಣ್ಣದ ಕಲ್ಲಿನ ಗುಹೆಗಳಿವೆ, ಕೆಸರಿನ ಬುಗ್ಗೆಗಳಿವೆ. ಅವುಗಳಿಗಾಗಿ ಕ್ಯಾಮೆರಾ ಉಳಿಸಿಕೊಳ್ಳಿ.


ಹಳೆಯ ರೋಲು

ಕಡತ ಓದುಗರು ಬರೆದದ್ದನ್ನು ಓದಿ ಒಂದು ಮಾತು ಸೇರಿಸಬೇಕೆನಿಸಿತು. ಬುಡಕಟ್ಟಿನವರ ವಿಷಯಕ್ಕೆ ಕಾನೂನಿದೆ. ಮೀನುಗಾರರು, ದೋಣಿಯವರು, ಎಳನೀರು ಕೊಚ್ಚುವ ಹೆಂಗಸು, ಇವರಿಗೆ ಯಾವ ಕಾನೂನೂ ಅಡ್ಡ ಬರುವುದಿಲ್ಲ, ನಾವೇ ಕೇಳಬೇಕು. ಭಾಷೆ ಬಾರದಿದ್ದರೂ ಕ್ಯಾಮೆರಾ ತೋರಿಸಿ ಹುಬ್ಬೇರಿಸಿದರೆ ಯಾರಿಗೂ ಅರ್ಥವಾಗುತ್ತದೆ. ನಮ್ಮನ್ನು ಹಡಗಿನಿಂದ ಇಳಿಸಿಕೊಂಡ ದೋಣಿಯವರ ಚಿತ್ರದ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೆ. ತಿಂಗಳುಗಳ ಮೇಲೆ ಅವರಿಂದ ಕಾಗದ ಬಂತು. ಆ ಕಾಗದ ಇಂದಿಗೂ ಆಲ್ಬಮ್ಮಿನಲ್ಲಿ ಅಮ್ಮನ ಚಿತ್ರದ ಪಕ್ಕದಲ್ಲಿದೆ.


ತೆಂಕಣ ಗಾಳಿ

ನಾನು ಮಾರಿಷಸ್‌ನದನ್ನು ಹೇಳುತ್ತೇನೆ. ಆ ದ್ವೀಪದ ನೈಋತ್ಯ ತುದಿಯಲ್ಲಿ ಕಡಲಿನೊಳಗೇ ಜಲಪಾತ ಧುಮುಕುವಂತೆ ಕಾಣುವ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಅಲ್ಲಿ ನೀರು ಬೀಳುತ್ತಿಲ್ಲ. ಆಳವಿಲ್ಲದ ತಳದಿಂದ ಮರಳು ಮತ್ತು ಹೂಳು ಪ್ರವಾಹದೊಂದಿಗೆ ಆಳದ ಇಳಿಜಾರಿಗೆ ಜಾರುತ್ತಿರುವುದು ಮೇಲಿನಿಂದ ಹಾಗೆ ಕಾಣುತ್ತದೆ. ದಡದಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ, ಹೆಲಿಕಾಪ್ಟರಿನಲ್ಲಿ ಹೋಗಬೇಕು.

ಎಲ್ಲರೂ ಆ ಭ್ರಮೆಯನ್ನು ಸೆರೆಹಿಡಿಯಲು ಹೋಗುತ್ತಾರೆ. ಅದೇ ಚೌಕಟ್ಟಿನಲ್ಲಿ ಮೇಲ್ಗಡೆ ಇರುವ ಬೆಟ್ಟವನ್ನು ಹಿನ್ನೆಲೆ ಎಂದು ಬಿಟ್ಟುಬಿಡುತ್ತಾರೆ. ಅದು ಲೆ ಮಾರ್ನ್. ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಅದರ ಗುಹೆಗಳಲ್ಲಿ, ಹತ್ತಲಾಗದ ನೆತ್ತಿಯಲ್ಲಿ ಅಡಗಿ ಬದುಕುತ್ತಿದ್ದರು. 1835ರಲ್ಲಿ ಗುಲಾಮಗಿರಿ ರದ್ದಾಯಿತೆಂದು ತಿಳಿಸಲು ಸಿಪಾಯಿಗಳು ಬೆಟ್ಟ ಹತ್ತಿದಾಗ, ಹಿಡಿಯಲು ಬಂದರೆಂದು ಭಾವಿಸಿ ಹಲವರು ಮೇಲಿಂದ ಧುಮುಕಿದರು ಎಂದು ಅಲ್ಲಿನ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನನ್ನ ಚಿತ್ರ ದಡದಿಂದ ತೆಗೆದದ್ದು. ಬೆಟ್ಟ ಪೂರ್ತಿ ಚೌಕಟ್ಟನ್ನು ತುಂಬಿದೆ, ಕಡಲು ಕೆಳಗೆ ಒಂದು ಗೆರೆ ಮಾತ್ರ. ರಜೆಗೆ ಹೋದವರು ತರುವ ಚಿತ್ರ ಇದಲ್ಲ ಎಂದು ಮನೆಯಲ್ಲಿ ಆಡಿಕೊಂಡರು. ನನಗೆ ಆ ದ್ವೀಪ ಎಂದರೆ ಅದೇ.

ಭೂಮಧ್ಯರೇಖೆಯ ಆಚೆಗೆ ಹೋಗುವವರಿಗೆ ಒಂದು ಸಣ್ಣ ಸೂಚನೆ: ಅಲ್ಲಿ ವರ್ಷದ ಹೆಚ್ಚಿನ ಭಾಗ ನಡುಹಗಲಿನ ಸೂರ್ಯ ಉತ್ತರಕ್ಕಿರುತ್ತಾನೆ. ನಮ್ಮ ಅಂದಾಜಿನಲ್ಲಿ ನೆರಳು ಎಲ್ಲಿ ಬೀಳಬೇಕೋ ಅಲ್ಲಿ ಬೀಳುವುದಿಲ್ಲ. ಹೋಟೆಲಿನ ಕಿಟಕಿ ಯಾವ ದಿಕ್ಕಿಗಿದೆ ಎಂದು ಮೊದಲ ದಿನವೇ ನೋಡಿಕೊಳ್ಳಿ.


ಅಲೆಮಾರಿ ಕಣ್ಣು

ತೆಂಕಣ ಗಾಳಿಯವರು ಬೆಟ್ಟದ ಮಾತು ಎತ್ತಿದ್ದು ಒಳ್ಳೆಯದಾಯಿತು. ನನ್ನ ಮೂರನೆಯ ಚಿತ್ರವನ್ನು ಹೇಳಲೋ ಬೇಡವೋ ಎಂದಿದ್ದೆ. ಅದು ಅಂಡಮಾನಿನ ಸೆಲ್ಯುಲರ್ ಜೈಲಿನದು.

1896ರಲ್ಲಿ ಆರಂಭಿಸಿ 1906ರಲ್ಲಿ ಮುಗಿಸಿದ ಕಟ್ಟಡ. ನಡುವಿನ ಗೋಪುರದಿಂದ ಏಳು ದಿಕ್ಕಿಗೆ ಏಳು ಸಾಲು ಕೋಣೆಗಳಿದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಮುಂಭಾಗ ಮುಂದಿನ ಸಾಲಿನ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದಾರೆ, ಒಬ್ಬ ಕೈದಿ ಇನ್ನೊಬ್ಬನ ಮುಖ ಕಾಣಬಾರದೆಂದು. ಎಲ್ಲರೂ ಗೋಪುರದ ಮೇಲೆ ಹತ್ತಿ ಆ ಸಾಲುಗಳನ್ನು, ಆಚೆಗಿನ ಕಡಲನ್ನು ತೆಗೆಯುತ್ತಾರೆ. ನಾನೂ ತೆಗೆದೆ. ಆದರೆ ಉಳಿದದ್ದು ಒಂದು ಚಿಲಕದ ಚಿತ್ರ.

ಕೋಣೆಯ ಬಾಗಿಲಿನ ಕಬ್ಬಿಣದ ಅಗುಳಿ ಬಾಗಿಲಿನಲ್ಲಿಯೇ ಮುಗಿಯುವುದಿಲ್ಲ. ಉದ್ದಕ್ಕೆ ಹೊರಚಾಚಿ, ಬಾಗಿಲಿನಾಚೆ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಹೋಗಿ ಅಲ್ಲಿ ಬೀಗ ಬೀಳುತ್ತದೆ. ಒಳಗಿರುವವನು ಸರಳುಗಳ ನಡುವಿನಿಂದ ತೋಳು ಎಷ್ಟು ಚಾಚಿದರೂ ಬೆರಳು ಅಲ್ಲಿಗೆ ಮುಟ್ಟದು. ಮಧ್ಯಾಹ್ನದ ಬೆಳಕು ಮೊಗಸಾಲೆಯ ಕಮಾನಿನಿಂದ ಬಂದು ಸರಿಯಾಗಿ ಆ ಗೂಡಿನ ಅಂಚಿನ ಮೇಲೆ ಬಿದ್ದಿತ್ತು. ಬಣ್ಣ ಬಳಿದ ಗೋಡೆಯ ಅಂಚು ಕೈಯಾಡಿ ಆಡಿ ಸವೆದಿದೆ. ಆ ಕೈ ಕಾವಲುಗಾರರದೇ ಇರಬೇಕು.

ಹೊರಗೆ ಹತ್ತು ನಿಮಿಷ ನಡೆದರೆ ಹೊಳೆಯುವ ನೀರು, ಜಿಗಿಯುವ ಮಕ್ಕಳು, ನೌಕಾವಿಹಾರ. ಎರಡೂ ಒಂದೇ ದಿನದ ಚಿತ್ರಗಳು. ಜಾಲತಾಣಗಳಲ್ಲಿ ಹಾಕುವಾಗ ಬಹಳ ಜನ ಒಂದನ್ನು ಕೈಬಿಡುತ್ತಾರೆ. ನಾನು ಅಕ್ಕಪಕ್ಕ ಇಟ್ಟಿದ್ದೇನೆ. ಹಳೆಯ ರೋಲು ಅವರೇ, ನಿಮ್ಮ ಮಾತನ್ನು ಬಹಳ ಯೋಚಿಸಿದೆ. ಅಮ್ಮನ ಚಿತ್ರದಲ್ಲೂ ಹೊತ್ತು ಇದೆ ಎಂದೇ ನನಗನ್ನಿಸುತ್ತದೆ: ಮೊದಲ ಸಲ ನೀರು ಮೊಣಕಾಲಿಗೆ ಬಂದ ಹೊತ್ತು. ನಮ್ಮಿಬ್ಬರ ವಾದ ನೀವಂದುಕೊಂಡಷ್ಟು ದೂರವಿಲ್ಲ.


ಹಳೆಯ ರೋಲು

ಒಪ್ಪಿದೆ. ಆದರೆ ಅಮ್ಮನಿಲ್ಲದ ಚಿತ್ರಕ್ಕೆ ನಾನು ಮತ ಹಾಕುವುದಿಲ್ಲ.


ಹೊಸ ಕ್ಯಾಮೆರಾ

ಎಲ್ಲರಿಗೂ ಕೃತಜ್ಞತೆ. ಬಾರಾಟಾಂಗ್ ದಾರಿಯಲ್ಲಿ ಮೊಬೈಲ್ ಹೊರತೆಗೆಯುವುದಿಲ್ಲ, ಜೊತೆಗೆ ಬರುವವರಿಗೂ ಹೇಳಿದ್ದೇನೆ. ಇನ್ನೆರಡು ಪ್ರಶ್ನೆ. ನೀಲ್‌ನ ಕಲ್ಲಿನ ಕಮಾನಿಗೆ ಹೋಗಲು ಇಳಿತದ ಸಮಯ ತಿಳಿಯುವುದು ಹೇಗೆ? ಬಂದ ಮೇಲೆ ಸಾವಿರಾರು ಚಿತ್ರಗಳನ್ನು ನೀವೆಲ್ಲ ಹೇಗೆ ಜೋಡಿಸಿಡುತ್ತೀರಿ?


ಅಲೆಮಾರಿ ಕಣ್ಣು

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇಂದಿನ ಹೊತ್ತಿಗೆ ಸುಮಾರು 50 ನಿಮಿಷ ಕೂಡಿಸಿದರೆ ನಾಳೆಯದು ಸಿಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಕಡಿಮೆ. ಮುಂಗಡ ಕಾಯ್ದಿರಿಸುವ ಮೊದಲು ಪಂಚಾಂಗ ನೋಡುವುದು ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಅಂತರ್ಜಾಲದಲ್ಲಿ ಉಬ್ಬರವಿಳಿತದ ಪಟ್ಟಿಗಳು ಸಿಗುತ್ತವೆ, ಅಲ್ಲಿ ಇಳಿದ ಮೇಲೆ ದೋಣಿಯವರನ್ನೂ ಕೇಳಿ. ಇಳಿತದ ಹೊತ್ತಿಗೆ ಒಂದು ಗಂಟೆ ಮೊದಲೇ ಅಲ್ಲಿರಿ, ನೀರು ಏರತೊಡಗಿದ ಕೂಡಲೇ ಹಿಂದಿರುಗಿ.

ಚಿತ್ರಗಳ ವಿಷಯಕ್ಕೆ: ಪ್ರತಿ ರಾತ್ರಿ ಕಾರ್ಡಿನಿಂದ ಎರಡು ಕಡೆಗೆ ನಕಲು ಮಾಡಿ, ಒಂದನ್ನು ಬೇರೆಯವರ ಚೀಲದಲ್ಲಿಡಿ. ದೋಣಿಯಲ್ಲಿ ಒಂದು ಚೀಲ ಒದ್ದೆಯಾದರೆ ಇನ್ನೊಂದು ಉಳಿಯಲಿ. ಆರಿಸುವುದನ್ನು ಪ್ರವಾಸದಲ್ಲಿ ಮಾಡಬೇಡಿ, ಒಂದು ತಿಂಗಳು ಬಿಟ್ಟು ಮಾಡಿ. ಆದರೆ ಬರೆಯುವುದನ್ನು ಅಂದಂದೇ ಬರೆಯಿರಿ: ಯಾವ ತೀರ, ಎಷ್ಟು ಹೊತ್ತು, ಯಾರು, ಅವರು ಏನು ಹೇಳಿದರು. ಕ್ಯಾಮೆರಾ ದಿನಾಂಕವನ್ನು ತಾನೇ ದಾಖಲಿಸುತ್ತದೆ, ದೋಣಿಯವರ ಹೆಸರನ್ನು ದಾಖಲಿಸುವುದಿಲ್ಲ.


ಹವಳದ ಹಾದಿ

ಕಮಾನಿಗೆ ಹೋಗುವ ದಾರಿಯ ಬಗ್ಗೆ ಒಂದು ಮಾತು. ಅಲ್ಲಿನ ಬಂಡೆ ಪಾಚಿಯಿಂದ ಜಾರುತ್ತದೆ, ಹಳೆಯ ಹವಳದ ಅಂಚು ಚೂಪು. ಹಿಮ್ಮಡಿಗೆ ಪಟ್ಟಿಯಿರುವ, ತಳ ಹಿಡಿತವಿರುವ ಪಾದರಕ್ಷೆ ಬೇಕು. ಹವಾಯಿ ಚಪ್ಪಲಿ ಬೇಡ. ಕಾಲನ್ನು ಬರಿಯ ಬಂಡೆ ಅಥವಾ ಮರಳಿನ ಮೇಲೆ ಮಾತ್ರ ಇಡಿ, ಗುಳಿಗಳೊಳಗೆ ಅಲ್ಲ. ಮಾರ್ಗದರ್ಶಕರು ಚಿತ್ರಕ್ಕೆಂದು ಕಡಲಸೌತೆಯನ್ನೋ ನಕ್ಷತ್ರಮೀನನ್ನೋ ಎತ್ತಿ ಕೈಗೆ ಕೊಡಲು ಬಂದರೆ ಬೇಡವೆನ್ನಿ, ಇದ್ದಲ್ಲಿಯೇ ತೆಗೆಯುತ್ತೇನೆ ಎನ್ನಿ. ಗುಳಿಯ ನೀರಿನೊಳಗಿನದನ್ನು ತೆಗೆಯಲು ನಿಮ್ಮ ಪೋಲರೈಸರ್ ಸಾಕು. ಹವಳದ ತುಂಡನ್ನು ಚೀಲಕ್ಕೆ ಹಾಕಬೇಡಿ, ಸತ್ತದ್ದಾದರೂ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ಹಿಂದಿರುಗುವಾಗ ಸಾಮಾನಿನ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಖಾಲಿ ಶಂಖಗಳನ್ನೂ ಅಲ್ಲಿಯೇ ಬಿಡಿ, ಹರ್ಮಿಟ್ ಏಡಿಗಳಿಗೆ ಮನೆ ಬೇಕು. ನಿಮ್ಮ ದಿನಾಂಕಗಳನ್ನು ಹೇಳಿದರೆ ಆ ವಾರದ ಇಳಿತದ ಸಮಯವನ್ನು ನಾನೇ ನೋಡಿ ಹೇಳುತ್ತೇನೆ.